ಕಾಲಿಂಚಿನ ಕಾಲು

ಗದಗಿನ ಟಾಂಗಾಕೂಟದ ಹಿಂದಿನ ಸಂದ್ಯಾಗ
ದಾವಲಸಾಬನ ಮಷೀನ್ ರಿಪೇರಿ ಅಂಗಡಿ.
ಬಿಸ್ಕೀಟಿನ ಡಬ್ಬಿ ಬೋರಲು ಹಾಕಿದ.
ಕಾಲು ಸುರಿದವು, ಬರೇ ಕಾಲು,
ಮೈಯಿಲ್ಲದವು, ಎಣ್ಣಿ ವಾಸನಿಯವು.
"ಯಾವ ಕಾಲು ಬೇಕಬೇ?"

ಹೆಸರು ಗೊತ್ತಿರಲಿಲ್ಲ ನನಗ.
ಕೌದಿಗೆ, ಅಂದೆ. ನಕ್ಕ.
"ಕೌದಿಗೆ ಮಷೀನ್ ಯಾಕ? ಮನ್ಯಾಗ ಕೈಸೂಜಿ ಇಲ್ಲೇನು?"
ಕಾಗದದ ಮ್ಯಾಲ ಹೊಲಿಯೂ ಕೌದಿ, ಅಂದೆ.
ನಗೂದು ನಿಲ್ಲಿಸಿ ಚಸ್ಮಾ ಹಾಕ್ಕೊಂಡ.

ಚೀಲದಾಗಿಂದ ತಗದು ತೋರಿಸಿದೆ:
ಮ್ಯಾಲ ಕಾಗದ, ಕಾಗದದಾಗ ಗೆರಿ,
ಅರಬಿ ಕೆಳಗ, ಕಣ್ಣಿಗೆ ಬೀಳದಂಗ.
ಗೆರಿ ಹಿಡದು ಹೊಲೀಬೇಕು, ತಿರುವಿ ಮಡಚಬೇಕು,
ಮತ್ತೊಂದು ತುಂಡು, ಮತ್ತೊಂದು ಗೆರಿ,
ಕಡೀಕ ಕಾಗದ ಹರದು ಒಗೀಬೇಕು.
"ಕುರುಡರ ಆಟ ಅನ್ನು," ಅಂದ.
ಹೌದು. ನನ್ನ ಮಷೀನಿನ ಕಾಲರ ಅಗಲ,
ಸೂಜಿ ಮುಂದ ಎಮ್ಮಿ ನಿಂತಂಗ ನಿಂತಿರತೈತಿ,
ಗೆರಿ ಎಲ್ಲಿ ಹೊಕ್ಕಿತು ತಿಳಿಯೂದಿಲ್ಲ.
ಒಂದು ನೂಲೆಳಿ ಸರದರೂ ಸಾಕು,
ಗಿಳಿಯ ಕೊಕ್ಕು ಮೊಂಡಾಕ್ಕತಿ.

ಒಂಟಿಗಾಲಿಂದು ಎತ್ತಿದ. ಜಿಪ್ಪಿನದು.
ಗೆರಿ ಕಂಡಿತು, ಕಾಗದ ಒಂದ ಕಡೆ ಜಾರಿತು.
ಪ್ಲಾಸ್ಟಿಕ್ಕಿಂದು ಗಾಜಿನಂಗ ಇತ್ತು,
ಆದ್ರ ಅದರಾಗ ಟ್ಯೂಬ್‌ಲೈಟು ಕುಣೀತಿತ್ತು.
ನಡಿಯೂ ಕಾಲು ಅಂತ ಒಂದು, ಗೊರಸಿನಂಗ ಭಾರ.
"ಇದು ಹತ್ತಿ ತುಂಬಿದ ಮ್ಯಾಲ," ಅಂದ, "ಈಗಲ್ಲ."

"ಇದ ತಗೋ. ಕಾಲಿಂಚಿನ ಕಾಲು."
ಎಷ್ಟು ಇಂಚಿಂದು? ಕಾಲು.
ಏನದು? ಕಾಲು.
ಮುಕ್ಕಾಲು ತಾಸು ಅದರಾಗ ಹೋತು.
ಮಗ್ಗಲಿಗೆ ಸಣ್ಣ ಬೇಲಿ ಅದಕ್ಕ,
ಅಂಚು ಬೇಲಿಗೆ ತಾಗಿಸಿ ಓಡಿಸಿದರಾತು.
ನನಗ ಅಂಚ ಇಲ್ಲಲ್ಲೋ ಅಣ್ಣಾ,
ನನಗಿರೂದು ಗೆರಿ, ಅದೂ ಪೆನ್ಸಿಲ್ಲಿಂದು.

ಡಬ್ಬಿ ತಳದಾಗ ಒಂದಿತ್ತು, ಜಂಗು ತಿಂದದ್ದು.
ಎರಡು ಬೆರಳು, ನಡುವ ಬಯಲು.
ಚಪ್ಪಲಿ ಈಗಷ್ಟ ಬಿಟ್ಟು ಒಳಗ ಬಂದಂಥ ಕಾಲು.
ಆ ಬಯಲಾಗ ಸೂಜಿ ಇಳೀತು,
ಸೂಜಿ ಮುಂದ ಗೆರಿ, ಗೆರಿ ಮುಂದ ಗೆರಿ.
ಇಬ್ಬರೂ ಮಾತಾಡಲಿಲ್ಲ.
ಕಾನಸು ಹಾಕಿ ತಿಕ್ಕಿದ, ಎಪ್ಪತ್ತು ರೂಪಾಯಿ ಹೇಳಿದ,
ಅರವತ್ತು ಇಸಕೊಂಡ. ಮ್ಯಾಲ ಬುದ್ಧಿಮಾತು:
"ಹದಿನಾಲ್ಕರ ಸೂಜಿ ಹಾಕು, ಹೊಲಿಗಿ ಸಣ್ಣ ಇಡು,
ಒತ್ತೊತ್ತಾಗಿ ತೂತು ಬಿದ್ರ ಕಾಗದ ತಾನ ಬಿಡತೈತಿ.
ಎಳದು ಜಗಳಾಡಬ್ಯಾಡ."

ಬೆಟಗೇರ್ಯಾಗ ಕಟ್ಟಿ ಮ್ಯಾಲ ಮಾವ ಕುಂತಿದ್ದ.
ಪ್ರೆಸ್ಸಿನಾಗ ಮೂವತ್ತೆಂಟು ವರ್ಷ ಸೀಸದ ಮೊಳಿ ಜೋಡಿಸಿದಾತ.
ಈ ಕಾಗದನೂ ಅವನ ಗಂಟಿಂದ,
ಹಳೀ ಲಗ್ನಪತ್ರಿಕಿ ಪ್ರೂಫು, ಹಿಂದ ಖಾಲಿ.
ಮದಲನೇ ಗಿಳಿ ಎಡಕ್ಕ ನೋಡೂದು ಬಿಟ್ಟು
ಬಲಕ್ಕ ನೋಡಿದಾಗ ನಾ ಕಣ್ಣೀರು ಹಾಕಿದ್ದೆ.
ಅಂವ ಎಲಿ ಅಡಿಕಿ ಉಗುಳಿ ಬಂದು ಹೇಳಿದ್ದ:
"ಉಲ್ಟಾ ಬರಿಯವ್ವ, ಸೀದಾ ಬರತೈತಿ.
ಈ ಊರ ಲಗ್ನ ಎಲ್ಲಾ ನಾ ಉಲ್ಟಾನ ಓದೇನಿ."

ಇವತ್ತು ಹೊಸ ಕಾಲು ಹಾಕಿ ಕುಂತೆ.
ಟಕ ಟಕ ಟಕ.
ಹಸರು, ಅದರ ಬಗಲಿಗೆ ಹಳೇ ಇಳಕಲ್ಲಿನ ದಡಿ,
ಕೊಕ್ಕಿಗೆ ನನ್ನ ಕೆಂಪು ಕುಪ್ಪಸದ ತೋಳು.
ಕಾಗದ ಕಿತ್ತೆ, ಜ್ವಾಳದ ರವುದಿಯಂಗ ಬಂತು.
ಕೊಕ್ಕಿನ ಮೂಲ್ಯಾಗ ಒಂದು ಚೂರು ಬರವಲ್ಲದು.
ಚಿಮಟಾ ತಂದೆ. ಮಾವ ಬಗ್ಗಿ ನೋಡಿದ,
ಉಗುರಿನಷ್ಟು ಕಾಗದ, ನಾಕು ಅಕ್ಷರ:
ಸುಖಾಗಮ
ಮುಂದಿಂದು ಹೊಲಿಗಿ ಒಳಗ ಹೋಗೇತಿ.

"ಇರಲಿ ಬಿಡು," ಅಂದ.
ಯಾರ ಲಗ್ನದ್ದೋ ನೆನಪಿಲ್ಲಂತ ಅವಗ.
ಅಸ್ತರು ಹಚ್ಚಿ ಮುಚ್ಚಿಬಿಟ್ಟೆ.

ಈಗ ಆ ಮೂಲಿ ಹಿಚುಕಿದ್ರ ಸಣ್ಣಗ ಸರಕ್ ಅಂತೈತಿ.
ನಾಳೆ ಹುಬ್ಬಳ್ಳಿಂದ ವತ್ಸಲಾ ಟೀಚರ್ ಬರತಾರ ಒಯ್ಯಾಕ.
ಕೇಳಿದ್ರ ಅಂತೇನಿ,
ಒಂದೆರಡು ಸಲ ತೊಳೀರಿ, ಹೋಕ್ಕತಿ.